ಇಕ್ಕರೆಯ ಗೋಡೆ, ಅಕ್ಕರೆಯ ಮಣ್ಣು

ಮಲಯಾಳದಲ್ಲಿ ‘ಅಕ್ಕರೆ’ ಎಂದರೆ ಹೊಳೆಯ ಆಚೆ ದಡ, ಕನ್ನಡದಲ್ಲಿ ಪ್ರೀತಿ. ಎರಡೂ ಭಾಷೆ ಬಾಯಲ್ಲಿರುವ ನಮ್ಮ ಮನೆಗಳ ಮಕ್ಕಳಿಗೆ ಇದೊಂದು ತಮಾಷೆಯ ಮಾತು. ನನಗೂ ಅಷ್ಟೇ ಆಗಿತ್ತು, ಆಚೆ ದಡದ ಹಿರಿಯರೊಬ್ಬರು ಬ್ಯಾಂಕಿನಲ್ಲಿ ನನ್ನ ಮೇಜಿನೆದುರು ಬಂದು ಕೂರುವ ವರೆಗೆ.

ನಾನು ಬ್ಯಾಂಕಿನ ಗುಮಾಸ್ತ. ಮನೆ ಚಂದ್ರಗಿರಿ ಹೊಳೆಯ ಬಡಗು ದಡದಲ್ಲಿ, ಕಾಸರಗೋಡು ಪೇಟೆಯ ಅಂಚಿಗೆ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯದಲ್ಲಿ ಪಯಸ್ವಿನಿ ಎನಿಸಿಕೊಂಡು ಬಂದ ಹೊಳೆ ಸಮುದ್ರ ಸೇರುವ ಮೊದಲು ನಮ್ಮ ಹಿತ್ತಿಲಿನ ಹಿಂದೆ ಒಂದು ತಿರುವು ತೆಗೆಯುತ್ತದೆ. ನಮ್ಮದು ತಿರುವಿನ ಹೊರಮೈ. ಅಲ್ಲಿ ನೀರಿನ ವೇಗ ಹೆಚ್ಚು, ಒಳಮೈಯಲ್ಲಿ ಕಡಿಮೆ. ಹೊರದಡವನ್ನು ಕೊರೆದು ಒಳದಡಕ್ಕೆ ಹೊಯ್ಗೆ ಹಾಕುವುದು ಹೊಳೆಯ ಹಳೆಯ ಕಸುಬು. ದಡ ಜರಿಯುವುದು ಹೆಚ್ಚಾಗಿ ನೆರೆ ಏರುವಾಗಲ್ಲ, ಇಳಿಯುವಾಗ. ನೀರು ಕುಡಿದು ಭಾರವಾದ ಮಣ್ಣಿಗೆ ಅದುವರೆಗೆ ಹೊಳೆಯೇ ಆನಿಕೆ. ಅದು ಸರಕ್ಕನೆ ಇಳಿದರೆ ಮಣ್ಣು ತನ್ನ ಭಾರಕ್ಕೇ ಕುಸಿಯುತ್ತದೆ. 2019ರ ಆಗಸ್ಟಿನಲ್ಲಿ, ಮಳೆ ಬಿಟ್ಟಿತೆಂಬ ನೆಮ್ಮದಿಯಲ್ಲಿ ನಾವು ಚಾ ಕುಡಿಯುತ್ತಿದ್ದ ಒಂದು ಬೆಳಗ್ಗೆ, ನಮ್ಮ ಎರಡು ತೆಂಗಿನ ಮರಗಳು ನಿಂತ ಹಾಗೆಯೇ ಹೊಳೆಗೆ ಇಳಿದವು.

ಆಮೇಲೆ ಅರ್ಜಿ ಬರೆದೆವು. ಬರೆದವನು ನಾನೇ, ಬ್ಯಾಂಕಿನವನ ಅಕ್ಷರ ಚೆಂದ ಎಂದು ಕೇರಿಯವರ ನಂಬಿಕೆ. ಪೇಟೆಯ ಅಂಚು, ಮನೆಗಳು, ರಸ್ತೆ, ಶಾಲೆ, ಇವೆಲ್ಲದರ ಬೆಲೆಯನ್ನು ಒಂದೊಂದಾಗಿ ಎತ್ತಿ ಹೇಳಿದೆ. ಕೆಲವು ವರ್ಷ ಓಡಾಡಿದ ಮೇಲೆ ಎಸ್ಟಿಮೇಟ್ ಆಯಿತು, ಕಗ್ಗಲ್ಲಿನ ಗೋಡೆ ಬಂತು; ಅದರ ಜತೆಗೆ ನೀರಿನ ಸೆಳೆತವನ್ನು ದಡದಿಂದ ದೂರ ತಳ್ಳಲು ಹೊಳೆಯೊಳಕ್ಕೆ ಚಾಚಿದ ಎರಡು ಮೋಟು ಕಲ್ಲುಕಟ್ಟೆಗಳು, ಇಲ್ಲಿಯವರು ಪುಲಿಮುಟ್ಟ್ ಎನ್ನುವಂಥವು. ಯೋಜನೆಯ ನಕ್ಷೆಯನ್ನು ನಾನು ನೋಡಿದ್ದೆ. ನಮ್ಮ ದಡದ ಒಂದೊಂದು ಕಟ್ಟಡವೂ ಅದರಲ್ಲಿತ್ತು. ಗೆರೆಗಳು ಹೊಳೆಯ ನಡುವಿನ ವರೆಗೆ ಬಂದು ನಿಂತಿದ್ದವು. ಅಲ್ಲಿಂದಾಚೆ ಬಿಳಿ ಕಾಗದ. ಆಚೆಯದು ಬೇರೆ ಪಂಚಾಯತು ತಾನೇ? ಆಗ ನನಗೆ ಅದು ಸಹಜವಾಗಿಯೇ ಕಂಡಿತು.

ಗೋಡೆ ಬಂದು ಎರಡು ಮಳೆಗಾಲ ಕಳೆದ ಮೇಲೆ ಆ ಹಿರಿಯರು ಬಂದರು. ಮೊಮ್ಮಗಳ ನರ್ಸಿಂಗ್ ಕಲಿಕೆಗೆ ಸಾಲ ಬೇಕಿತ್ತು. ಅಡವಿಗೆ ಇಟ್ಟ ಆಧಾರದಲ್ಲಿ 40 ಸೆಂಟ್ಸ್ ಜಾಗ, ತೀರುವೆ ರಶೀದಿಯಲ್ಲೂ 40. ಸ್ಥಳ ನೋಡಿ ಬಂದವರ ವರದಿಯಲ್ಲಿ 29.

“ಉಳಿದದ್ದು ಎಲ್ಲಿ ಇಚ್ಚ?” ಎಂದು ಕೇಳಿದೆ.

“ಉಳಿದದ್ದೂ ಅಲ್ಲೇ ಇದೆ ಸಾರೇ, ಹೊಳೆಯ ಅಡಿಯಲ್ಲಿ. ತೀರುವೆ ಕಟ್ಟುವುದನ್ನು ನಾನು ಬಿಟ್ಟಿಲ್ಲ. ಆಚೆ ಕರೆಗೆ ಗೋಡೆ ಬಂದ ಮೇಲೆ ಹೊಳೆಗೆ ನಮ್ಮ ಕರೆಯೇ ಬೇಕಾಯಿತು.”

ಅವರ ದನಿಯಲ್ಲಿ ದೂರು ಇರಲಿಲ್ಲ. ಆಚೆ ಕರೆಯ ಅರ್ಜಿ ಬರೆದ ಕೈ ಇದೇ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. 29 ಸೆಂಟ್ಸಿಗೆ ಸಿಗುವಷ್ಟು ಸಾಲ ಸಿಕ್ಕಿತು. ಅವರು ಕೇಳಿದಷ್ಟು ಅಲ್ಲ.

ಹೊಳೆಯ ಲೆಕ್ಕ ಸರಳ. ನಮ್ಮ ದಡಕ್ಕೆ ಬಡಿದು ಮಣ್ಣನ್ನು ಕೊರೆಯಲು ವ್ಯಯವಾಗುತ್ತಿದ್ದ ಬಲ ಕಲ್ಲಿಗೆ ತಾಗಿ ಉಳಿಯಿತು. ಕಟ್ಟೆಗಳು ಸೆಳೆತವನ್ನು ಆಚೆಗೆ ತಿರುಗಿಸಿದವು. ಕೆಳಗಿನ ತಿರುವಿನಲ್ಲಿ ಆಚೆ ದಡವೇ ಹೊರಮೈ. ಆದರೆ ಹನ್ನೊಂದು ಸೆಂಟ್ಸೂ ಗೋಡೆಯಿಂದಲೇ ಹೋಯಿತೆಂದು ನಾನು ಆಣೆ ಹಾಕಲಾರೆ. ಹೊಯ್ಗೆ ತೆಗೆದು ತೆಗೆದು ಹೊಳೆಯ ತಳ ಆಳವಾದರೂ ದಡದ ಬುಡ ಸಡಿಲವಾಗುತ್ತದೆ. ಅದನ್ನು ತಡೆಯಲು ಕೇರಳದಲ್ಲಿ 2001ರಲ್ಲೇ ಕಾಯಿದೆ ಬಂದಿದೆ. ನಮ್ಮ ಮನೆಯ ತಾರಸಿಗೆ ಹಾಕಿದ ಹೊಯ್ಗೆ ಎಲ್ಲಿಂದ ಬಂತೆಂದು ನಾನು ಲಾರಿಯವನಲ್ಲಿ ಕೇಳಿರಲಿಲ್ಲ. ಹೀಗೆ ತಪ್ಪು ಹಂಚಿಹೋದಾಗ ಯಾರೂ ಸಾಲಗಾರರಲ್ಲ. ಕಳೆದುಕೊಂಡವನೊಬ್ಬ ಮಾತ್ರ ಉಳಿಯುತ್ತಾನೆ.

ಸಾವಿರ ಮನೆಗಳ ಪೇಟೆ ಉಳಿಯಲು ಒಂದು ತೋಟ ಹೋದರೆ ಹೋಗಲಿ ಎನ್ನುವ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ನನ್ನ ಮಕ್ಕಳು ಮಲಗುವುದೂ ಆ ಸಾವಿರದಲ್ಲೊಂದು ಮನೆಯಲ್ಲಿ. ಆದರೆ ಬೆಲೆ ನೋಡಿ ಗೋಡೆ ಕಟ್ಟುವುದಾದರೆ ಗೋಡೆ ಯಾವತ್ತೂ ಬೆಲೆ ಇದ್ದ ಕಡೆಗೇ ಬರುತ್ತದೆ. ಗೋಡೆ ಬಂದ ಕಡೆ ಬೆಲೆ ಮತ್ತೂ ಏರುತ್ತದೆ. ಮುಂದಿನ ಗೋಡೆಗೆ ಅದೇ ಆಧಾರ. ಬ್ಯಾಂಕಿನಲ್ಲಿ ಒಂದು ಕಡೆ ಜಮೆ ಬರೆದರೆ ಇನ್ನೊಂದು ಕಡೆ ಖರ್ಚು ಬರೆಯದೆ ದಿನದ ಲೆಕ್ಕ ಮುಗಿಯುವುದಿಲ್ಲ, ಮನೆಗೂ ಬಿಡುವುದಿಲ್ಲ. ನಮ್ಮ ಗೋಡೆಯ ಎಸ್ಟಿಮೇಟಿನಲ್ಲಿ ಜಮೆಯ ಅಂಕಣ ಮಾತ್ರ ಇತ್ತು.

ಹಾಲೆಂಡಿನವರು 1993 ಮತ್ತು 1995ರ ನೆರೆಗಳ ನಂತರ ದಿಬ್ಬಗಳನ್ನು ಎತ್ತರಿಸುತ್ತಲೇ ಹೋಗುವ ಬದಲು ನದಿಗೆ ಜಾಗ ಬಿಟ್ಟುಕೊಡಲು ಹೊರಟದ್ದು ಈಗ ಅನೇಕರಿಗೆ ಗೊತ್ತು. 2018ರ ಮಹಾಪ್ರವಾಹದ ಬಳಿಕ ನಮ್ಮ ರಾಜ್ಯದಲ್ಲೂ ಅದರ ಮಾತು ಬಹಳ ನಡೆಯಿತು. ನೈಮೇಖನ್ ನಗರದ ಬಳಿ ವಾಲ್ ನದಿಯ ದಿಬ್ಬವನ್ನು ಸುಮಾರು 350 ಮೀಟರ್ ಹಿಂದಕ್ಕೆ ಸರಿಸಿ, ಪಕ್ಕದಲ್ಲಿ ಇನ್ನೊಂದು ಕಾಲುವೆ ತೋಡಿದರು. ಅದಕ್ಕಾಗಿ ಐವತ್ತರಷ್ಟು ಮನೆಗಳು ಎದ್ದವು. ಎದ್ದದ್ದು ಹಳೆಯ ನಗರದ ದಡದಿಂದಲ್ಲ, ಎದುರು ದಡದ ಲೆಂಟ್ ಎಂಬ ಹಳ್ಳಿಯಿಂದ ಎನ್ನುವುದನ್ನು ಇಲ್ಲಿ ಹೊಗಳುವವರು ಮರೆಯುತ್ತಾರೆ. ಅಲ್ಲೂ ಬಿಟ್ಟುಕೊಟ್ಟದ್ದು ಅಕ್ಕರೆಯೇ. ಆದರೆ ಅವರ ನಕ್ಷೆಯಲ್ಲಿ ಆ ದಡ ಇತ್ತು. ಯಾರ ಮನೆ ಹೋಗುತ್ತದೆಂದು ಮೊದಲೇ ಬರೆದಿತ್ತು. ಅವರ ಜತೆ ಮಾತು ನಡೆಯಿತು, ಹಣವೂ ಸಂದಿತು. ಕಳೆದುಕೊಂಡದ್ದು ಹೊಳೆಯ ಇಚ್ಛೆಯೆಂದು ಯಾರೂ ಕೈತೊಳೆಯಲಿಲ್ಲ.

ಹೊಳೆಯ ನಡುವಿಗೆ ಗೆರೆ ನಿಲ್ಲಿಸುವ ಅಭ್ಯಾಸ ನಮ್ಮಲ್ಲಿ, ವಿಶೇಷವಾಗಿ ಕನ್ನಡಿಗರಲ್ಲಿ, ಹಳೆಯದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ಹಾಗಾಗಿ ಚಂದ್ರಗಿರಿಯೆಂದರೆ ನಮ್ಮ ಹಿರಿಯರಿಗೆ ನೀರಿಗಿಂತ ಮೊದಲು ಗಡಿ. ಆ ಬೇಡಿಕೆಯ ನ್ಯಾಯದ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಗಡಿಯೆಂದು ನೋಡಿ ನೋಡಿ, ಆಚೆಯದನ್ನು ಬಿಳಿ ಕಾಗದವೆಂದು ತಿಳಿಯುವುದು ನನಗೆ ಅಷ್ಟು ಸಲೀಸಾಯಿತೇ ಎಂದು ಈಗ ಕೇಳಿಕೊಳ್ಳುತ್ತೇನೆ.

ಕಳೆದ ಮೇ ತಿಂಗಳಿನಲ್ಲಿ ಸೇತುವೆ ದಾಟಿ ಅವರ ಜಾಗಕ್ಕೆ ಹೋದೆ. ಜರಿದ ಅಂಚಿನಲ್ಲಿ ತೆಂಗಿನ ಬೇರುಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ಅಲ್ಲಿಂದ ನೋಡಿದರೆ ನಮ್ಮ ಗೋಡೆ ಬಹಳ ಉದ್ದ ಕಾಣುತ್ತದೆ, ಅದರ ಹಿಂದೆ ನಮ್ಮ ಮನೆಯ ತಾರಸಿ. ಅದನ್ನು ಅವರಿಗೆ ಕೈಯೆತ್ತಿ ತೋರಿಸಿದೆ. ಅರ್ಜಿಯ ವಿಷಯವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನಾಗಿದ್ದರೂ ಬರೆಯುತ್ತಿದ್ದೆ” ಎಂದರು. ಆಮೇಲೆ, “ಆದರೆ ಒಂದು ಸಲ ಈಚೆ ಬಂದು ನೋಡಬಹುದಿತ್ತು” ಎಂದರು.

ಗೋಡೆ ಮುಗಿದಲ್ಲಿಂದ ಕೆಳಗೆ ನಮ್ಮ ದಡವೂ ಈಗ ಜರಿಯತೊಡಗಿದೆ. ಗೋಡೆಯ ತುದಿಯಲ್ಲಿ ಹಾಗಾಗುವುದೇ. ಅದನ್ನು ಮುಂದುವರಿಸಲು ಎರಡನೆಯ ಅರ್ಜಿ ಬೇಕು, ಬರೆಯುವವನು ನಾನೇ. ಈ ಸಲ ಎರಡೂ ದಡದ ಅಳತೆಯಾಗಲಿ, ಆಚೆಯವರ ಸಹಿಯೂ ಇರಲಿ ಎಂದು ಒಂದು ಸಾಲು ಸೇರಿಸಿದೆ. ಕೇರಿಯವರಿಗೆ ಅದು ಹಿಡಿಸಲಿಲ್ಲ. ಹಾಗೆ ಬರೆದರೆ ಕೆಲಸ ಇನ್ನೂ ಮೂರು ವರ್ಷ ತಡವೆಂದರು. ಅವರು ಹೇಳುವುದು ಸುಳ್ಳಲ್ಲ. ಗೋಡೆಯ ತುದಿಯ ಮನೆಯವರ ದನದ ಹಟ್ಟಿಗೂ ಹೊಳೆಗೂ ನಡುವೆ ಉಳಿದಿರುವುದು ಹತ್ತು ಹೆಜ್ಜೆ. ನಾನು ಆ ಸಾಲನ್ನು ತೆಗೆದಿಲ್ಲ. ಅರ್ಜಿಗೆ ಈ ತನಕ ಬಿದ್ದಿರುವ ಸಹಿ ಎರಡು: ಒಂದು ನನ್ನದು, ಇನ್ನೊಂದು ಮಲಯಾಳದಲ್ಲಿದೆ.