ಹಲ್ಲು ದೇಹಕ್ಕೆ ಸೇರಿದ್ದಲ್ಲವೆ?

ಕಳೆದ ಸಂಕ್ರಾಂತಿಯ ಊಟದಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಕಡಕ್ ರೊಟ್ಟಿಯನ್ನು ಮುರಿದು ಸಾರಿನಲ್ಲಿ ನೆನೆಹಾಕಿ, ಪಂಕ್ತಿಯವರೆಲ್ಲ ಎದ್ದ ಮೇಲೂ ಒಬ್ಬರೇ ಕುಳಿತಿದ್ದರು. ವಿಜಾಪುರದ ಕಡೆಯವರು, ಖಾಸಗಿ ಕಾರಖಾನೆಯ ನೌಕರಿಗೆಂದು ಪುಣೆಗೆ ಬಂದು ಐವತ್ತು ವರ್ಷವಾಯಿತು. ಬಾಯಲ್ಲಿ ಉಳಿದಿರುವುದು ಐದೇ ಹಲ್ಲು.

“ಕಾಕಾ, ಸೆಟ್ ಹಾಕಿಸಬಾರದೇನು? ಸರಕಾರದ ಕಾರ್ಡ್ ಬಂದದಲ್ಲ?” ಎಂದು ಕೇಳಿದೆವು.

“ಕಾರ್ಡ್ ತಗೊಂಡೇ ಹೋಗಿದ್ದೆಪಾ. ಹಲ್ಲು ಇದ್ರಾಗ ಬರೂದಿಲ್ಲ ಅಂದ್ರು” ಎಂದು ನಕ್ಕರು. ನಗುವಾಗ ಕೈ ಬಾಯಿಗೆ ಅಡ್ಡ ಹೋಯಿತು.

ಆಸ್ಪತ್ರೆಯವರು ಹೇಳಿದ್ದು ಸುಳ್ಳಲ್ಲ. ಆಯುಷ್ಮಾನ್ ಭಾರತ ಯೋಜನೆಯನ್ನು 2024ರ ಅಕ್ಟೋಬರ್ 29ರಂದು 70 ವರ್ಷ ತುಂಬಿದವರೆಲ್ಲರಿಗೂ, ಆದಾಯವೆಷ್ಟೆಂದು ಕೇಳದೆ, ವಿಸ್ತರಿಸಿದರು. ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವುಂಟು. ದೊಡ್ಡ ಕೆಲಸವೇ ಸರಿ. ಆದರೆ ಅದು ಆಸ್ಪತ್ರೆಯಲ್ಲಿ ಮಲಗಿದವರಿಗೆ. ದವಡೆ ಮುರಿದರೆ ಕೂಡಿಸುವ ಶಸ್ತ್ರಕ್ರಿಯೆಗೆ ಹಣ ಸಿಗುತ್ತದೆ. ಅದೇ ದವಡೆ ಅಗಿಯುವುದಕ್ಕೆ ಬೇಕಾದ ಸೆಟ್ಟಿಗೆ ಸಿಗುವುದಿಲ್ಲ.

ವಿಮೆಯ ತರ್ಕವೇ ಹಾಗೆ. ಯಾರೋ ಒಬ್ಬನಿಗೆ ಹಠಾತ್ತಾಗಿ ಬರುವ ಆಪತ್ತಿನ ಭಾರವನ್ನು ನೂರು ಜನ ಹಂಚಿಕೊಳ್ಳುವುದು ವಿಮೆ. ಹಲ್ಲು ಮೆಲ್ಲಗೆ, ಒಂದೊಂದಾಗಿ, ಎಷ್ಟೋ ಜನರಿಗೆ ಹೋಗುವಂಥದು. ಅದರಿಂದ ಆ ರಾತ್ರಿಯೇ ಯಾರೂ ಸಾಯುವುದಿಲ್ಲ. ಎಲ್ಲರಿಗೂ ಕೊಡಹೊರಟರೆ ಬೊಕ್ಕಸ ತಡೆದೀತೆ ಎಂಬ ಅಂಜಿಕೆಯೂ ಹೊಸದಲ್ಲ. ಬ್ರಿಟನ್ನಿನಲ್ಲಿ 1948ರಲ್ಲಿ ಹಲ್ಲಿನ ಸೆಟ್ಟನ್ನು ಉಚಿತವಾಗಿ ಕೊಡತೊಡಗಿ, 1951ರಲ್ಲಿ ಅದಕ್ಕೂ ಕನ್ನಡಕಕ್ಕೂ ಶುಲ್ಕ ಹಾಕಹೊರಟರು. ಆ ಆರೋಗ್ಯ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ ಇದನ್ನು ಒಪ್ಪದೆ ಮಂತ್ರಿಪದವಿಯನ್ನೇ ಬಿಟ್ಟರು. ಅಮೆರಿಕೆಯ ವೃದ್ಧರ ಮೆಡಿಕೇರ್ 1965ರಲ್ಲಿ ಹುಟ್ಟುವಾಗಲೇ ಹಲ್ಲನ್ನು ಹೊರಗಿಟ್ಟಿತು.

ಇರುವ ಹಣ ಒಬ್ಬನ ಹೃದಯಕ್ಕೋ ಹತ್ತು ಜನರ ಹಲ್ಲಿಗೋ ಎಂದು ಯಾರಾದರೂ ಕೇಳಿದರೆ ನಾವೂ ತಡವರಿಸುತ್ತೇವೆ. ಆದರೂ ಜೀವ ಉಳಿಸಿಕೊಟ್ಟಲ್ಲಿಗೆ ವೃದ್ಧರ ಋಣ ತೀರಿತೆ? ಕಾಕಾ ಸಂಘದಲ್ಲಿ ಕುಮಾರವ್ಯಾಸ ಭಾರತವನ್ನು ಓದುತ್ತಿದ್ದರು. ತ, ಥ, ದ, ಧ, ನಗಳನ್ನು ನಮ್ಮ ವೈಯಾಕರಣರು ದಂತ್ಯಗಳೆಂದು ಕರೆದಿದ್ದಾರೆ. ಹಲ್ಲಿಲ್ಲದ ಬಾಯಲ್ಲಿ ಅವು ಜಾರುತ್ತವೆ. ಎರಡು ವರ್ಷದಿಂದ ಅವರು ಓದುವುದನ್ನು ಬಿಟ್ಟಿದ್ದಾರೆ. ಮನೆಯ ಹೊರಗೆಲ್ಲ ಮರಾಠಿಯೇ ನಡೆಯುವ ಈ ಊರಲ್ಲಿ ಅವರಿಗೆ ಬಾಯ್ತುಂಬ ಕನ್ನಡವಾಡುವ ಜಾಗ ಅದೊಂದೇ ಇತ್ತು. ಇದು ಯಾವ ಪಟ್ಟಿಯಲ್ಲೂ ರೋಗವಲ್ಲ.

ಸರಕಾರಕ್ಕೆ ಇದು ತಿಳಿಯದೆಂದಲ್ಲ. 2017ರ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಊರುಗೋಲು, ಕನ್ನಡಕ, ಕಿವಿಯ ಯಂತ್ರಗಳ ಜೊತೆಗೆ ಕೃತಕ ಹಲ್ಲೂ ಇದೆ. ಕರ್ನಾಟಕದಲ್ಲಿ ‘ದಂತಭಾಗ್ಯ’ವೆಂದೇ ಯೋಜನೆ ಬಂತು. ಆದರೆ ಇವು ಬಡವರಿಗೆಂದು ಮಾಡಿದವು. ನಡುವಿನವರು, ಅಂದರೆ ನಮ್ಮಲ್ಲಿ ಬಹುಮಂದಿ, ಹೃದಯಕ್ಕೆ ಅರ್ಹರು, ಹಲ್ಲಿಗೆ ಅನರ್ಹರು. ಹೃದಯದ ವಿಷಯದಲ್ಲಿ ಆದಾಯ ಕೇಳಬಾರದೆಂದು ಒಮ್ಮೆ ಒಪ್ಪಿದ ಮೇಲೆ, ಸೆಟ್ಟಿಗೆಂದು ಒಂದು ಸಣ್ಣ ಮೊತ್ತವನ್ನಾದರೂ ಅದೇ ಕಾರ್ಡಿನಲ್ಲಿ ಸೇರಿಸುವುದು ನ್ಯಾಯವೆಂದು ನಮಗೆ ತೋರುತ್ತದೆ.

ಮಗ ಖರ್ಚು ಕೊಡುತ್ತೇನೆಂದಿದ್ದಾನಂತೆ. “ಮೊಮ್ಮಗಳ ಫೀ ಆಗ್ಲಿ ಮೊದ್ಲ. ನನಗೇನು, ನೆನಸಿಕೊಂಡು ತಿಂತೀನಿ” ಎಂದು ಕಾಕಾ ಮುಂದೂಡಿದ್ದಾರೆ. ಹೀಗೆ ಮುಂದೂಡುತ್ತಿರುವುದು ಇದು ಮೂರನೆಯ ವರ್ಷ.