ರುಚಿ ಮತ್ತು ನಿಯಮ: ಕೋಲಾರ ಸೀಮೆಯ ಮನೆ ಕಾಫಿಯ ಧರ್ಮವಿಚಾರ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಕಾಫಿ ಬೆಳೆಯುವುದಿಲ್ಲ. ಆದರೂ ಮಲೆನಾಡಿನಿಂದ ಬಂದ ಪುಡಿಯೂ ಡೇರಿಗೆ ಹಾಕುವ ಮುನ್ನ ಮನೆಗೆಂದು ಉಳಿಸಿಕೊಂಡ ಹಾಲೂ ಕೂಡಿದ ಫಿಲ್ಟರ್ ಕಾಫಿ ಇಲ್ಲಿನ ಅನೇಕ ಮನೆಗಳ ಬೆಳಗನ್ನು ಆಳುತ್ತದೆ. ದೇವರ ಮುಂದೆ ಹಾಲು, ಹಣ್ಣು, ಪಾನಕಗಳನ್ನು ಇಡುವ ಮನೆಗಳೂ ಕಾಫಿಯನ್ನು ಸಾಮಾನ್ಯವಾಗಿ ನೈವೇದ್ಯಕ್ಕೆ ಇಡುವುದಿಲ್ಲ. ಏಕಾದಶಿಯಂದು ಕೆಲವರು ಅದನ್ನು ಬಿಡುತ್ತಾರೆ, ಕೆಲವರು ಅನ್ನವನ್ನು ಬಿಟ್ಟು ಕಾಫಿಯನ್ನು ಉಳಿಸಿಕೊಳ್ಳುತ್ತಾರೆ. ಹಸಿವಿಗಲ್ಲದೆ ಕೇವಲ ರುಚಿಗಾಗಿ ಕುಡಿಯುವ ಪದಾರ್ಥ ಸಾಧನೆಗೆ ತೊಡಕೇ ಎಂಬ ಪ್ರಶ್ನೆ ಈ ಗೊಂದಲದ ಬುಡದಲ್ಲಿದೆ.

ಭಗವದ್ಗೀತೆಯ 17ನೇ ಅಧ್ಯಾಯ ಆಹಾರವನ್ನು ಮೂರಾಗಿ ವಿಂಗಡಿಸುತ್ತದೆ: ಚಿತ್ತವನ್ನು ತಿಳಿಯಾಗಿಸುವ ಸಾತ್ತ್ವಿಕ, ಅದನ್ನು ಕೆರಳಿಸುವ ರಾಜಸ, ಮಂಕು ಕವಿಸುವ ತಾಮಸ. ರಾಜಸಕ್ಕೆ ಹೇಳಿದ ಲಕ್ಷಣಗಳಲ್ಲಿ ಅತಿಬಿಸಿ ಮತ್ತು ತೀಕ್ಷ್ಣ ಎಂಬವು ಗಟ್ಟಿ ಕಾಫಿಗೆ ಸಲೀಸಾಗಿ ಒಪ್ಪುವುದರಿಂದ, ಅದನ್ನು ದೂರವಿಡುವವರಿಗೆ ಶಾಸ್ತ್ರಾಧಾರವಿಲ್ಲ ಎನ್ನಲಾಗದು. ಆದರೆ ಆ ಪ್ರಕರಣ ವಿಚಾರಿಸುವುದು ಯಾರಿಗೆ ಯಾವ ಆಹಾರ ಪ್ರಿಯ ಎಂಬುದನ್ನು. ಪದಾರ್ಥದ ಗುಣದಷ್ಟೇ ಅದನ್ನು ಬಯಸುವವನ ಗುಣವೂ ಅಲ್ಲಿ ಪರೀಕ್ಷೆಗೆ ಒಳಗಾಗುತ್ತದೆ.

ಕಾಫಿಯ ಚರಿತ್ರೆಯೂ ಇದನ್ನೇ ತೋರಿಸುತ್ತದೆ. ಮುಳಬಾಗಿಲಿನ ಬಳಿಯ ನರಸಿಂಹತೀರ್ಥದಲ್ಲಿ ಬೃಂದಾವನಸ್ಥರಾದ ಶ್ರೀಪಾದರಾಜರು ಕನ್ನಡದಲ್ಲಿ ಹರಿಕೀರ್ತನೆಗಳನ್ನು ರಚಿಸಿದ 15ನೇ ಶತಮಾನದಲ್ಲೇ, ಯೆಮನ್ನಿನ ಸೂಫಿಗಳು ಇರುಳಿನ ನಾಮಸ್ಮರಣೆಯಲ್ಲಿ ನಿದ್ದೆ ಬಾರದಿರಲೆಂದು ಕಾಫಿ ಕುಡಿಯುತ್ತಿದ್ದರು. 1511ರಲ್ಲಿ ಮೆಕ್ಕಾದ ಅಧಿಕಾರಿಗಳು ಅದೇ ಪಾನೀಯವನ್ನು ನಿಷೇಧಿಸಿದರು. ಒಬ್ಬರಿಗೆ ಜಾಗರಣೆಯ ಸಾಧನವಾದದ್ದು ಇನ್ನೊಬ್ಬರಿಗೆ ಅಮಲಾಗಿ ಕಂಡಿತು. ಶ್ರೀಪಾದರಾಜರ ಮಠವೂ ಹೈದರ್ ವಲಿ ದರ್ಗಾವೂ ಇರುವ ಮುಳಬಾಗಿಲಿಗೆ ಈ ಕಥೆ ತೀರ ಪರಕೀಯವಲ್ಲ.

ನಿಧಾನವಾಗಿ ತಯಾರಾಗುವ ಕಾಫಿಯೇ ಒಂದು ಧ್ಯಾನವೆಂಬ ಮಾತು ಈಚೆಗೆ ಚಾಲ್ತಿಯಲ್ಲಿದೆ. ಲೋಟದ ಮೇಲೆ ಕೂರಿಸುವ ಫಿನ್ ಎಂಬ ಪುಟ್ಟ ಸೋಸುಕದಿಂದ ರೊಬಸ್ಟಾ ಕಾಫಿಯ ರಸವನ್ನು ಹನಿಹನಿಯಾಗಿ ಮಂದಗೊಳಿಸಿದ ಸಿಹಿಹಾಲಿನ ಮೇಲೆ ಇಳಿಸುವ ವಿಯೆಟ್ನಾಂ ಪದ್ಧತಿ ಇದಕ್ಕೆ ನಿದರ್ಶನವಾಗುತ್ತದೆ. ಫ್ರೆಂಚರ ಆಳ್ವಿಕೆಯಲ್ಲಿ ತಾಜಾ ಹಾಲು ದುರ್ಲಭವಾಗಿದ್ದುದರಿಂದ ಅಲ್ಲಿ ಡಬ್ಬಿಯ ಹಾಲು ರೂಢಿಗೆ ಬಂತು. ಕೋಲಾರದ ಮನೆಗಳಲ್ಲಿ ಎರಡು ಅಂತಸ್ತಿನ ಫಿಲ್ಟರಿನ ಮೇಲಿನ ಪಾತ್ರೆಗೆ ಚಿಕೋರಿ, ಅಂದರೆ ಹುರಿದು ಪುಡಿಮಾಡಿದ ಒಂದು ಬೇರು, ಬೆರೆತ ಪುಡಿಯನ್ನು ಹಾಕಿ, ಮೆಲ್ಲನೆ ಒತ್ತಿ, ಕುದಿನೀರು ಸುರಿದರೆ ಡಿಕಾಕ್ಷನ್ ಕೆಳಗಿಳಿಯಲು ಇನ್ನೂ ಹೆಚ್ಚು ಹೊತ್ತು ಬೇಕು; ಅನೇಕರು ರಾತ್ರಿಯೇ ಹಾಕಿಡುತ್ತಾರೆ. ಆದರೆ ಕಾಯುವುದು ತಾನಾಗಿ ವೈರಾಗ್ಯವಾಗದು. ಉಪವಾಸ ಮಾಡುವವನಿಂದ ವಿಷಯಗಳು ದೂರ ಸರಿದರೂ ಅವುಗಳ ರುಚಿಯ ಆಸೆ ಉಳಿಯುತ್ತದೆಂದು ಗೀತೆಯ 2ನೇ ಅಧ್ಯಾಯ ಎಚ್ಚರಿಸುತ್ತದೆ. ಏಕಾದಶಿಯಂದು ಕಾಫಿ ಬಿಟ್ಟು ದ್ವಾದಶಿಯ ಪಾರಣೆಗಾಗಿ ಗಡಿಯಾರ ನೋಡುವವನು ಆ ಮಾತಿಗೆ ಸಾಕ್ಷಿ.

ಹಾಗಾದರೆ ಅಳತೆಗೋಲು ಯಾವುದು? 1887ರಲ್ಲಿ ಮುಳಬಾಗಿಲಿನಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರು ತಮ್ಮ ಗೀತಾವ್ಯಾಖ್ಯಾನಕ್ಕೆ ‘ಜೀವನಧರ್ಮಯೋಗ’ವೆಂದು ಹೆಸರಿಟ್ಟದ್ದು ಸಂಸಾರದ ನಡುವಿನ ನಡತೆಯೇ ಗೀತೆಯ ಕ್ಷೇತ್ರವೆಂಬ ನಿಲುವಿನಿಂದ. ತನಗಾಗಿಯೇ ಅಟ್ಟು ಉಣ್ಣುವವನು ಪಾಪವನ್ನು ಉಣ್ಣುತ್ತಾನೆಂಬ 3ನೇ ಅಧ್ಯಾಯದ ಮಾತನ್ನು ಈ ನಿಲುವಿನಿಂದ ನೋಡಿದರೆ, ಗಟ್ಟಿಯಾದ ಮೊದಲ ಡಿಕಾಕ್ಷನ್ ಬಂದವರಿಗೆ, ಅದೇ ಪುಡಿಗೆ ಮತ್ತೆ ನೀರು ಹೊಯ್ದು ಇಳಿಸಿದ ಎರಡನೆಯದು ಮನೆಯವರಿಗೆ ಎಂಬ ಹಳೆಯ ವಾಡಿಕೆಗೆ ಧರ್ಮದ ತೂಕ ಬರುತ್ತದೆ. ಆದರೆ ಆ ಎರಡನೆಯ ಲೋಟ ಬಹುಪಾಲು ಕಾಫಿ ಮಾಡಿದ ಹೆಂಗಸಿನ ಪಾಲಿಗೇ ಬರುತ್ತಿತ್ತು. ತಾನು ಬಿಡದೆ ಇನ್ನೊಬ್ಬರಿಂದ ಬಿಡಿಸಿದ ರುಚಿ ತ್ಯಾಗವೆನಿಸದು. ದಲಿತರಿಗೆ ಹೋಟೆಲಿನಲ್ಲಿ ಬೇರೆ ಲೋಟ, ಮನೆಯಲ್ಲಿ ಹೊಸಿಲಿನಾಚೆ ಬೇರೆ ಲೋಟ ಇಡುತ್ತಿದ್ದ ಪದ್ಧತಿಯನ್ನು ದಲಿತ ಚಳವಳಿ ಪ್ರಶ್ನಿಸಿದಾಗ ಅದು ಈ ವಿಚಾರದ ಮರ್ಮವನ್ನೇ ಮುಟ್ಟಿತು, ಏಕೆಂದರೆ ಕಾಫಿ ರಾಜಸವೋ ಸಾತ್ತ್ವಿಕವೋ ಎಂದು ಕೂದಲು ಸೀಳುವ ಮಡಿವಂತಿಕೆ, ಲೋಟವನ್ನು ಬೇರ್ಪಡಿಸಿದ ಕೈಯ ಗುಣವನ್ನು ಕೇಳಿರಲಿಲ್ಲ. ರುಚಿಯನ್ನು ಸವಿಯುವುದರಲ್ಲಿ ದೋಷವಿಲ್ಲ; ಆ ಸವಿ ಯಾರನ್ನು ಹೊರಗಿಟ್ಟು ಒದಗಿತು ಎಂಬುದೇ ಕಾಫಿಯ ಮಟ್ಟಿಗೆ ಧರ್ಮ ಕೇಳಬೇಕಾದ ಮೊದಲ ಪ್ರಶ್ನೆ, ವ್ರತನಿಯಮಗಳ ಲೆಕ್ಕ ಅದರ ನಂತರದ್ದು.