ಕೇಳದೆ ಬರೆದುಕೊಂಡ ಹೆಸರು

1930ರಲ್ಲಿ ಕೋಲಾರ ಚಿನ್ನದ ಗಣಿಗಳ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. ನೋಂದಣಿಗೆ ಬೆರಳಚ್ಚು ಕೊಡಬೇಕೆಂದು ಆಡಳಿತ ತಂದ ಕಟ್ಟಳೆಯೇ ಆ ಮುಷ್ಕರದ ಮೂಲ. ಇತಿಹಾಸಕಾರ್ತಿ ಜಾನಕಿ ನಾಯರ್ ಇದರ ಬಗ್ಗೆ ವಿವರವಾಗಿ ಬರೆದಿದ್ದಾರೆ. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಬಂದು ಗಣಿಯ ಲೈನ್ ಮನೆಗಳಲ್ಲಿ ನೆಲೆಸಿದ್ದ ಆ ಜನರನ್ನು ಯಾರೂ ಗುರುತಿಸುತ್ತಿರಲಿಲ್ಲ ಎಂದಲ್ಲ. ಮೇಸ್ತ್ರಿಗೆ ಅವರ ಹೆಸರು ಗೊತ್ತಿತ್ತು, ಊರು ಗೊತ್ತಿತ್ತು, ಯಾರ ಮಗ, ಯಾರ ಹತ್ತಿರ ಎಷ್ಟು ಸಾಲ ಮಾಡಿದ್ದಾನೆ ಎನ್ನುವುದೂ ಗೊತ್ತಿತ್ತು. ಒಂದು ಮನೆಯ ಜಗಳ ಪಕ್ಕದ ಮನೆಗೆ ಕೇಳಿಸುತ್ತಿತ್ತು. ಇಷ್ಟು ಬಯಲಲ್ಲಿ ಬದುಕುತ್ತಿದ್ದವರು ಬೆರಳಿಗೆ ಹಚ್ಚುವ ಶಾಯಿಗೆ ಯಾಕೆ ಸಿಡಿದೆದ್ದರು?

ಬೆರಳಚ್ಚು ಎಂದರೆ ಆ ಕಾಲಕ್ಕೆ ಪೊಲೀಸರು ಅಪರಾಧಿಗಳಿಂದ ತೆಗೆದುಕೊಳ್ಳುತ್ತಿದ್ದ ಗುರುತು. ಆ ಅವಮಾನ ಒಂದು ಕಾರಣ. ಅದರ ಹಿಂದೆ ಇನ್ನೊಂದು ಅರಿವೂ ಇತ್ತು ಎಂದು ನನಗೆ ತೋರುತ್ತದೆ. ಮೇಸ್ತ್ರಿಗೆ ನನ್ನ ವಿಷಯ ಗೊತ್ತಿದ್ದರೆ ಅವನ ವಿಷಯ ನನಗೂ ಅಷ್ಟೋ ಇಷ್ಟೋ ಗೊತ್ತಿರುತ್ತದೆ. ಅವನ ಎದುರು ನಿಂತು ವಾದಿಸಬಹುದು, ಬೇಡಿಕೊಳ್ಳಬಹುದು, ಬೈಯಲೂಬಹುದು. ಕಡತ ಹಾಗಲ್ಲ. ನಾನಿಲ್ಲದ ಕಡೆಯಲ್ಲಿ, ನನಗೆ ಗೊತ್ತಿಲ್ಲದ ಕೈಯಲ್ಲಿ, ನಾನು ಉತ್ತರ ಕೊಡಲಾಗದ ಹೊತ್ತಿನಲ್ಲಿ ಅದು ನನ್ನ ಬಗ್ಗೆ ಮಾತಾಡುತ್ತದೆ.

ಇಂದು ಯಾರದೋ ಮೊಬೈಲ್ ನಂಬರ್ ಒತ್ತಿದರೆ ಹೆಸರು ತೋರಿಸುವ ಸೇವೆಗಳ ಮುಂದೆ ನಿಂತಾಗಲೂ ಅದೇ ಪ್ರಶ್ನೆ ಏಳುತ್ತದೆ. ಇವುಗಳಲ್ಲಿ ನಮ್ಮಲ್ಲಿ ಹೆಚ್ಚು ಹೆಸರಾದದ್ದು ಟ್ರೂಕಾಲರ್. 2009ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದ ಅದಕ್ಕೆ ಭಾರತವೇ ಅತಿ ದೊಡ್ಡ ಮಾರುಕಟ್ಟೆ. ಅದರಂತೆಯೇ ಚಿಕ್ಕಪುಟ್ಟ ಆ್ಯಪುಗಳು, ಅಂತರ್ಜಾಲ ಕೋಶಗಳು ಹಲವಾರಿವೆ. ಬಳಕೆದಾರರು ಸೂಚಿಸಿದ ಹೆಸರು, ಬೇರೆ ಕೋಶಗಳಿಂದ ತಂದ ಹೆಸರು, ಯಾರದೋ ಫೋನಿನ ಸಂಪರ್ಕ ಪಟ್ಟಿಯಿಂದ ಬಂದ ಹೆಸರು, ಹೀಗೆ ನಾನಾ ಕಡೆಯಿಂದ ಕೂಡಿಸಿ ಇಂಥ ಕೋಶಗಳು ಬೆಳೆದಿವೆ. ನಾನು ಆ ಆ್ಯಪನ್ನು ಎಂದೂ ಹಾಕಿಕೊಳ್ಳದಿದ್ದರೂ ನನ್ನ ಹೆಸರು ಅದರಲ್ಲಿರಬಹುದು. ಪರಿಚಯದ ಒಬ್ಬರು ಒಪ್ಪಿಗೆಯ ಗುಂಡಿ ಒತ್ತಿದ್ದರೆ ಸಾಕು.

ಅದೇ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನಂಥ ಕಡೆ ಇದರ ಪೆಟ್ಟು ಹೆಚ್ಚು, ಅದಕ್ಕೆ ಕಾರಣವಿದೆ. 2001ರ ಫೆಬ್ರುವರಿ 28ರಂದು ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಅದಾದ ಮೇಲೆ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್, ಊರ್ಗಾಂ, ರಾಬರ್ಟ್‌ಸನ್‌ಪೇಟೆಗಳ ಜನ ದುಡಿಮೆಗೆ ಬಂಗಾರಪೇಟೆಯ ಮೇಲೆ ಹಾದು ಬೆಂಗಳೂರಿಗೆ ಹೋಗುವ ಬೆಳಗಿನ ರೈಲುಗಳನ್ನು ನೆಚ್ಚಿಕೊಂಡರು. ಗಣಿಯಲ್ಲಿ ಅಪ್ಪನ ಹೆಸರು ಹೇಳಿದರೆ ಕೆಲಸ ಸಿಗುತ್ತಿದ್ದ ಕಾಲ ಮುಗಿದಿತ್ತು. ಸೆಕ್ಯುರಿಟಿ ಏಜೆನ್ಸಿಗೆ, ಹೌಸ್‌ಕೀಪಿಂಗ್ ಕಂಟ್ರಾಕ್ಟರಿಗೆ, ಕೆಲಸ ಕೊಡಿಸುತ್ತೇನೆ ಎಂದ ದಲ್ಲಾಳಿಗೆ, ಬೈಕ್ ಸಾಲದವನಿಗೆ, ಚೀಟಿ ನಡೆಸುವವರಿಗೆ ನಂಬರ್ ಕೊಡದೆ ಬದುಕು ಸಾಗದು. ಹೊಟ್ಟೆಪಾಡಿಗಾಗಿ ಹತ್ತು ಕಡೆ ಬರೆದುಕೊಟ್ಟ ನಂಬರು ಹತ್ತು ಫೋನುಗಳಲ್ಲಿ ಹತ್ತು ಹೆಸರಿನಲ್ಲಿ ಕೂರುತ್ತದೆ. ಒಬ್ಬನೇ ಮನುಷ್ಯ ಒಂದು ಫೋನಿನಲ್ಲಿ ಮಾಮ, ಇನ್ನೊಂದರಲ್ಲಿ ವಾಚ್‌ಮನ್, ಮತ್ತೊಂದರಲ್ಲಿ ‘ಸಾಲ ಬಾಕಿ’. ಆ ಫೋನಿನೊಳಗೆ ಇರುವವರೆಗೆ ಇದರಲ್ಲಿ ಯಾವುದೂ ತಪ್ಪಲ್ಲ. ಸಾಲ ಕೊಟ್ಟವನು ತನ್ನ ನೆನಪಿಗೆ ಹಾಗೆ ಬರೆದುಕೊಳ್ಳಬಾರದು ಎನ್ನಲು ನಾನು ಯಾರು? ಆದರೆ ಅದೇ ಬರಹ ಅವನ ಫೋನು ದಾಟಿ ಲೋಕಕ್ಕೆಲ್ಲ ಕಾಣುವ ಹೆಸರಾದಾಗ ಅದು ನೆನಪಿನ ಟಿಪ್ಪಣಿಯಾಗಿ ಉಳಿಯದೆ ತೀರ್ಪಾಗುತ್ತದೆ. ನಾಳೆ ಕೆಲಸ ಕೇಳಿ ಫೋನ್ ಮಾಡಿದರೆ ಅತ್ತ ಕಡೆಯವರು ‘ಹಲೋ’ ಎನ್ನುವ ಮೊದಲೇ ಆ ತೀರ್ಪನ್ನು ಓದಿರುತ್ತಾರೆ.

ಚಿಕ್ಕ ಊರಿನಲ್ಲಿ ಖಾಸಗಿತನ ಎಂಬುದೇ ಇಲ್ಲ, ಎಲ್ಲರಿಗೂ ಎಲ್ಲರದೂ ಗೊತ್ತು, ಮತ್ತೇಕೆ ಈ ಗಲಾಟೆ ಎನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಲೈನ್ ಮನೆಗಳಲ್ಲಿ ಎಲ್ಲರಿಗೂ ಎಲ್ಲರದೂ ಗೊತ್ತಿದ್ದದ್ದು ನಿಜ, ಆದರೆ ಯಾರಿಗೆ ಗೊತ್ತು ಎಂಬುದೂ ಎಲ್ಲರಿಗೂ ಗೊತ್ತಿತ್ತು. ತಿಳಿದವರಿಗೂ ಒಂದು ಹೊಣೆಯಿತ್ತು. ನನ್ನ ಮನೆಯ ಸುದ್ದಿ ಬೀದಿಗೆ ಹಾಕಿದವಳ ಮನೆಯ ಬಾಗಿಲಿಗೆ ಹೋಗಿ ಕೇಳಬಹುದಿತ್ತು. ಅಮೆರಿಕದ ಚಿಂತಕಿ ಹೆಲೆನ್ ನಿಸೆನ್‌ಬಾಮ್ ವಾದಿಸಿದ್ದೂ ಇದಕ್ಕೆ ಹತ್ತಿರವಾದದ್ದು: ಒಂದು ಮಾಹಿತಿ ಗುಟ್ಟೋ ಬಹಿರಂಗವೋ ಎಂದಷ್ಟೇ ಕೇಳಿದರೆ ಸಾಲದು, ಯಾವ ಸಂಬಂಧದೊಳಗೆ ಕೊಟ್ಟದ್ದು ಯಾವ ಸಂಬಂಧಕ್ಕೆ ಹರಿದುಹೋಯಿತು ಎಂದು ನೋಡಬೇಕು. ವೈದ್ಯರಿಗೆ ಕೊಟ್ಟ ನಂಬರು ವೈದ್ಯರಿಗೆ. ಅದನ್ನು ನಾನು ಗುಟ್ಟಾಗಿ ಇಟ್ಟಿರಲಿಲ್ಲ ಎಂದ ಮಾತ್ರಕ್ಕೆ ಅದು ಎಲ್ಲರದೂ ಆಗುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ, ಅದನ್ನು ಹಗುರಾಗಿ ತಳ್ಳಲಾರೆ. ಬೆಂಗಳೂರಿನಲ್ಲಿ ಪಾಳಿ ಮುಗಿಸಿ ರಾತ್ರಿಯ ರೈಲಿನಲ್ಲಿ ಬರುವ ಹೆಣ್ಣುಮಗಳಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬರುತ್ತದೆ. ಆ ಕಡೆ ಯಾರು ಎಂದು ತಿಳಿಯುವ ಹಕ್ಕು ಅವಳಿಗೆ ಬೇಡವೇ? ಬೇಕು. ಕಾಡುವವನನ್ನು, ಬ್ಯಾಂಕಿನವನೆಂದು ಹೇಳಿ ಒಟಿಪಿ ಕೇಳುವವನನ್ನು ಗುರುತಿಸಲು ಈ ಕೋಶಗಳು ನೆರವಾಗಿವೆ. ಆದರೆ ಕರೆ ಮಾಡಿದವನು ತಾನಾಗಿ ಬಾಗಿಲು ತಟ್ಟಿದವನು, ಅವನು ಹೆಸರು ಹೇಳಬೇಕೆಂದು ಕೇಳುವುದು ನ್ಯಾಯ. ಯಾರ ಬಾಗಿಲನ್ನೂ ತಟ್ಟದೆ ತನ್ನ ಪಾಡಿಗಿರುವವಳ ನಂಬರನ್ನು ಯಾರೋ ಒತ್ತಿ ಹೆಸರು ತಿಳಿಯುವುದು ಬೇರೆಯೇ ಸಂಗತಿ. ಸ್ಟೇಷನ್ನಿನ ಹತ್ತಿರದ ಅಂಗಡಿಯಲ್ಲಿ ರೀಚಾರ್ಜ್ ಮಾಡಿಸಿದವಳ ನಂಬರು ಹಿಂದೆ ನಿಂತವನ ಕಿವಿಗೆ ಬಿದ್ದರೆ, ಹೆಸರೂ ಅವನ ಕೈಗೆ ಸಿಕ್ಕಿತು. ರಕ್ಷಣೆಯ ಹೆಸರಿನಲ್ಲಿ ಮೊದಲನೆಯದನ್ನು ತೋರಿಸಿ ಎರಡನೆಯದಕ್ಕೂ ಒಪ್ಪಿಗೆ ಪಡೆಯುವುದು ಸರಿಯಲ್ಲ.

ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಫೆಬ್ರುವರಿಯಲ್ಲಿ, ಕರೆ ಬರುವಾಗ ಸಿಮ್‌ನ ಅರ್ಜಿಯಲ್ಲಿರುವ ಹೆಸರು ತೋರಿಸುವ ವ್ಯವಸ್ಥೆಯನ್ನು ಶಿಫಾರಸು ಮಾಡಿತು. ಅದರಲ್ಲೂ ತೊಡಕಿದೆ, ಅಪ್ಪನ ಹೆಸರಿನ ಸಿಮ್ಮನ್ನು ಮಗಳು ಬಳಸುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೂ ಅಲ್ಲಿ ಹೆಸರು ಎಲ್ಲಿಂದ ಬಂತು ಎಂದು ಗೊತ್ತಿರುತ್ತದೆ, ಕೇಳಲು ಒಂದು ಕಂಪನಿ ಇರುತ್ತದೆ.

ಇನ್ನು ಹೆಸರು ತೆಗೆಸುವ ಕೆಲಸ. ಟ್ರೂಕಾಲರ್‌ನಲ್ಲಿ ಖಾತೆಯಿದ್ದರೆ ಮೊದಲು ಆ್ಯಪಿನೊಳಗೇ ಅದನ್ನು ರದ್ದು ಮಾಡಬೇಕು, ಆಮೇಲೆ ಅವರ ಜಾಲತಾಣದ ‘ಅನ್‌ಲಿಸ್ಟ್’ ಪುಟದಲ್ಲಿ +91 ಸೇರಿಸಿ ನಂಬರ್ ಕೊಡಬೇಕು. ಗೂಗಲ್ ಕೂಡ 2022ರಿಂದ ಹುಡುಕಾಟದ ಫಲಿತಾಂಶಗಳಲ್ಲಿ ಕಾಣುವ ಫೋನ್ ನಂಬರ್ ತೆಗೆಯುವ ಕೋರಿಕೆಗಳನ್ನು ಸ್ವೀಕರಿಸುತ್ತಿದೆ, ಆದರೆ ಮೂಲ ಪುಟ ಇದ್ದಲ್ಲೇ ಇರುತ್ತದೆ. ಚಿಕ್ಕ ಕೋಶಗಳಿಗೆ ಒಂದೊಂದಕ್ಕೂ ಬೇರೆ ದಾರಿ, ಕೆಲವಕ್ಕೆ ದಾರಿಯೇ ಇಲ್ಲ. ಮಾಡುವುದಾದರೆ ಮಾಡಿ ಎಂದೇ ನನ್ನ ಸಲಹೆ. ಆದರೆ ಇದು ಒಮ್ಮೆಗೆ ಮುಗಿಯುವ ಕೆಲಸವಲ್ಲ. ಒಂದು ಕೋಶದಿಂದ ಹೋದದ್ದು ಇನ್ನೊಂದರಲ್ಲಿ ತಲೆಯೆತ್ತಬಹುದು. ನಿಂತುಹೋದ ನಂಬರನ್ನು ಕಂಪನಿಗಳು 90 ದಿನಗಳ ನಂತರ ಬೇರೆಯವರಿಗೆ ಕೊಡಬಹುದು. ಹಳೆಯ ಹೆಸರು ಕೋಶದಲ್ಲಿ ಉಳಿದರೆ ಹೊಸಬರು ಯಾರದೋ ಸಾಲಕ್ಕೆ ಉತ್ತರ ಹೇಳುತ್ತಾ ಕೂರಬೇಕು.

ಆಂಡರ್‌ಸನ್‌ಪೇಟೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿದು ಬದುಕುವ ಒಬ್ಬಾಕೆಯನ್ನು ಎಣಿಸಿಕೊಳ್ಳಿ. ಮನೆಗೆಲ್ಲ ಒಂದೇ ಫೋನು. ಗಿರಾಕಿಗಳಿಗೆ ಸಿಗಬೇಕು, ಆದ್ದರಿಂದ ಹೊಲಿಗೆಯ ಹೆಸರಿನಲ್ಲಿ ನಂಬರ್ ಇರಲಿ ಎಂಬುದು ಅವಳ ಆಸೆ. ಶಾಲೆಗೆ ಹೋಗುವ ಮಗಳು ಸಂಜೆ ಎತ್ತುವ ಫೋನೂ ಅದೇ, ಆದ್ದರಿಂದ ತನ್ನ ಹೆಸರು ಕಂಡವರಿಗೆಲ್ಲ ಸಿಗಬಾರದು ಎಂಬುದೂ ಅವಳ ಆಸೆ. ಎರಡೂ ನ್ಯಾಯವಾದ ಆಸೆಗಳೇ. ಕೋಶ ಅವಳಿಗೆ ಇಡುವ ಆಯ್ಕೆ ಮಾತ್ರ ಇರು ಅಥವಾ ಹೋಗು ಎಂಬುದು. ಅದೂ ಹೆಚ್ಚಿನ ಕಡೆ ಇಂಗ್ಲಿಷಿನಲ್ಲಿ.

ಕಾನೂನು ಏನು ಹೇಳುತ್ತದೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ. ಅವರು ಪ್ರಶ್ನಿಸಿದ್ದು ಆಧಾರ್ ಅನ್ನು, ಎಂದರೆ ಮತ್ತೆ ಬೆರಳಚ್ಚನ್ನೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ತೀರ್ಪಿನ ಬೆನ್ನಿಗೆ ಬಂದದ್ದು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಕಂಪನಿಗಳ ಮುಖ್ಯ ಹೊಣೆಗಾರಿಕೆಗಳಿಗೆ ಅಲ್ಲಿಂದ 18 ತಿಂಗಳ ಗಡುವು. ಆದರೆ ಕಾಯ್ದೆಯ 12ನೇ ಸೆಕ್ಷನ್ ಕೊಡುವ ಅಳಿಸುವ ಹಕ್ಕು, ತಾನೇ ಮೊದಲು ಒಪ್ಪಿಗೆ ಕೊಟ್ಟ ಮಾಹಿತಿಯನ್ನು ಕುರಿತದ್ದು. ಸ್ವಂತದ, ಮನೆಮಟ್ಟಿನ ಬಳಕೆಗೆ ಒಬ್ಬ ವ್ಯಕ್ತಿ ಇಟ್ಟುಕೊಂಡ ಮಾಹಿತಿಗೆ ಕಾಯ್ದೆಯೇ ಅನ್ವಯಿಸದು. ನಮ್ಮ ಹೊಲಿಗೆಯಾಕೆ ಒಪ್ಪಿಗೆ ಕೊಟ್ಟವಳಲ್ಲ. ಅವಳ ನಂಬರ್ ಬರೆದುಕೊಂಡ ಗಿರಾಕಿ ಮನೆಮಟ್ಟಿಗೆ ಬರೆದುಕೊಂಡವಳು. ಇವರಿಬ್ಬರ ನಡುವಿನ ಸಂದಿಯಲ್ಲೇ ಅವಳ ಹೆಸರು ಹೊರಗೆ ಹರಿದದ್ದು. ಒಪ್ಪಿಗೆಯಿಲ್ಲದೆ ಹೆಸರು ಇಟ್ಟುಕೊಂಡದ್ದೇ ತಪ್ಪು ಎಂದು ಅವಳು ದೂರಬಹುದು, ಅದು ಗಟ್ಟಿ ವಾದವೇ. ಆದರೆ ಒಪ್ಪಿಗೆ ಕೊಟ್ಟವನಿಗೆ ಅಳಿಸು ಎನ್ನುವ ನೇರ ಹಕ್ಕು, ಒಳಗೇ ಕಾಲಿಡದವಳಿಗೆ ದೂರಿನ ದಾರಿ ಎಂದಾದರೆ ಹೊರೆ ತಪ್ಪಾದ ಹೆಗಲ ಮೇಲೆ ಬಿದ್ದಿದೆ.

ಹೊರೆಯನ್ನು ಬರೆದುಕೊಂಡವರೇ ಹೊರಬೇಕು. ಇಷ್ಟು ಕೋಟಿ ಜನರನ್ನು ಒಬ್ಬೊಬ್ಬರಾಗಿ ಕೇಳುತ್ತಾ ಹೋಗಲು ಸಾಧ್ಯವೇ ಎಂಬ ಪ್ರಶ್ನೆ ಬರುತ್ತದೆ. ಬೇರೆ ಯಾವ ಕಡತದ ವಿಷಯದಲ್ಲಾದರೂ ಆ ಪ್ರಶ್ನೆಗೆ ಅರ್ಥವಿತ್ತು. ಈ ಕೋಶದವರ ಕೈಯಲ್ಲಿರುವುದೇ ಆಕೆಯ ಫೋನ್ ನಂಬರು. ‘ಈ ನಂಬರಿಗೆ ಈ ಹೆಸರು ನಮ್ಮಲ್ಲಿ ಬಂದಿದೆ, ತೋರಿಸಬಹುದೇ?’ ಎಂದು ಕನ್ನಡದಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಉರ್ದುವಿನಲ್ಲೋ ಒಂದು ಎಸ್‌ಎಂಎಸ್ ಕಳಿಸಲಿ. ಉತ್ತರ ಬಾರದಿದ್ದರೆ ಹೆಸರು ತೋರಿಸದಿರಲಿ.